ಅಂಗೈ ಅಗಲದ ಮಡಿಕೆ

ಫೆಬ್ರವರಿ ೩, ಮಂಗಳವಾರ

ಈ ಡೈರಿ ಅಂಗಿ ಗುಂಡಿ ಮಾರುವ ಕಂಪನಿಯವರು ನಾನು ಕೆಲಸ ಮಾಡುವ ಟೈಲರ್ ಅಂಗಡಿಗೆ ಬಿಟ್ಟಿ ಕೊಟ್ಟದ್ದು. ಯಜಮಾನರಿಗೆ ಬೇಡವಾಗಿತ್ತು, ನನ್ನ ಕಡೆ ತಳ್ಳಿದರು. ಒಂದು ತಿಂಗಳು ಖಾಲಿ ಬಿದ್ದಿತ್ತು. ಬಿಟ್ಟಿ ಬಂದದ್ದಾದರೂ ಹಾಳೆ ದಂಡವಾಗುವುದನ್ನು ನನ್ನಿಂದ ನೋಡಲಾಗದು. ಆದರೆ ಬರೆಯುವಂಥದ್ದು ಏನೂ ನಡೆದಿರಲಿಲ್ಲ. ಇವತ್ತು ನಡೆಯಿತು.

ಅಕ್ಕ, ಭಾವ, ಅವರ ಮಗಳು ಬಂದಿದ್ದಾರೆ. ನೋಡಿಕೊಂಡು ಹೋಗಲು ಅಲ್ಲ, ಇರಲು.

ಭಾವ ಗೋಡೆಗೆ ಬಣ್ಣ ಹೊಡೆಯುವವರು. ದೊಡ್ಡ ದೊಡ್ಡ ಕಟ್ಟಡಗಳಿಗೆ ಹಗ್ಗದಲ್ಲಿ ನೇತಾಡಿಕೊಂಡು ಬಣ್ಣ ಹೊಡೆದ ಮನುಷ್ಯ, ಹೋದ ತಿಂಗಳು ಯಾರದೋ ಅಡುಗೆಮನೆಯಲ್ಲಿ ಏಣಿಯ ಮೂರನೇ ಮೆಟ್ಟಿಲಿಂದ ಬಿದ್ದು ಕಾಲು ಮುರಿದುಕೊಂಡರು. ಹಾಗೆ ಬೀಳುವುದಕ್ಕೂ ಯೋಗ್ಯತೆ ಬೇಕು. ಕೂಡಿಟ್ಟದ್ದು ಆಸ್ಪತ್ರೆಗೆ ಹೋಯಿತು, ಆಮೇಲೆ ಬಾಡಿಗೆ ಕಟ್ಟಲಾಗದೆ ಮನೆಯೂ ಹೋಯಿತು.

"ಎರಡೇ ತಿಂಗಳು ಕಣೋ. ಇವರ ಕಾಲು ನೆಟ್ಟಗಾದ ತಕ್ಷಣ ಹೊರಡ್ತೀವಿ," ಎಂದಳು ಅಕ್ಕ, ಚೀಲ ಕೆಳಗಿಡುವ ಮೊದಲೇ.

"ಮೊದಲು ಚೀಲ ಇಡು," ಎಂದೆ. ಬೇರೆ ಏನು ಹೇಳುವುದು?

ನನ್ನದು ಎರಡು ಕೋಣೆ. ಒಂದರಲ್ಲಿ ನಾನು, ಇನ್ನೊಂದರಲ್ಲಿ ಹೊಲಿಗೆ ಯಂತ್ರ ಇರುತ್ತಿದ್ದೆವು. ಇವತ್ತಿನಿಂದ ನಾವಿಬ್ಬರೂ ಒಂದೇ ಕೋಣೆ.

ಫೆಬ್ರವರಿ ೫, ಗುರುವಾರ

ಕೂತು ಯೋಚಿಸಿದೆ. ನನ್ನ ಹತ್ತಿರ ಎರಡು ಡಬ್ಬಿ ಇವೆ. ಟೀ ಪುಡಿಯ ಡಬ್ಬಿಯಲ್ಲಿ ಮನೆ ಖರ್ಚಿನ ದುಡ್ಡು. ಬಿಸ್ಕತ್ತಿನ ಡಬ್ಬಿಯಲ್ಲಿ ಅಂಗಡಿಯ ದುಡ್ಡು.

ಅಂಗಡಿ ಎಂದರೆ ಬೀದಿ ಮೂಲೆಯ ಗಡಿಯಾರ ರಿಪೇರಿ ಅಂಗಡಿ. ಅದನ್ನು ನಡೆಸುವ ಅಜ್ಜನಿಗೆ ಕಣ್ಣು ಸಾಲದಾಗಿದೆ, ಮುಚ್ಚಿ ಮಗಳ ಮನೆಗೆ ಹೋಗುತ್ತಾರೆ. ಇಪ್ಪತ್ತೇಳು ವರ್ಷದಿಂದ ಇನ್ನೊಬ್ಬರ ಮೇಜಿನ ಮೇಲೆ ಬಟ್ಟೆ ಕತ್ತರಿಸುತ್ತಿದ್ದೇನೆ. ನನ್ನದೇ ಮೇಜು, ನನ್ನದೇ ಬೋರ್ಡು ಆಗಬೇಕು. ಮುಂಗಡಕ್ಕೆ ಡಬ್ಬಿಯಲ್ಲಿ ಸ್ವಲ್ಪವೇ ಕಡಿಮೆ ಇದೆ. ಗಡಿಯಾರದ ಅಜ್ಜ ಗಡುವು ಕೊಟ್ಟಿದ್ದಾರೆ: "ಜೂನ್ ಮೂವತ್ತು. ಜುಲೈ ಒಂದಕ್ಕೆ ಬಂದ್ರೆ ನೀನ್ಯಾರೋ ನಾನ್ಯಾರೋ."

ಈ ದುಡ್ಡು ಹೇಗೆ ಕೂಡಿತೆಂದರೆ, ನಮ್ಮಲ್ಲಿ ಒಂದು ಪದ್ಧತಿಯಿದೆ. ಅಂಗಡಿಯ ಬಟ್ಟೆ ಕತ್ತರಿಸಿ ಉಳಿದ ತುಂಡು ಕತ್ತರಿಸಿದವನಿಗೆ. ತುಂಡುಗಳನ್ನು ದಿಂಬಿನ ಚೀಲ ಹೊಲಿಯುವವಳು ಕೊಳ್ಳುತ್ತಾಳೆ. ಆದ್ದರಿಂದ ನಾನು ಯಾರ ಬಟ್ಟೆಯಲ್ಲೂ ಒಳಗೆ ಹೆಚ್ಚು ಬಿಡುವುದಿಲ್ಲ. ಹೊಲಿಗೆಗೆ ಎಷ್ಟು ಬೇಕೋ ಅಷ್ಟು. ಗಿರಾಕಿಗಳು "ಸ್ವಲ್ಪ ಸಡಿಲ ಮಾಡಿಕೊಡಿ" ಎಂದು ಬಂದರೆ ಒಳಗೆ ಬಿಚ್ಚಲು ಏನೂ ಇರುವುದಿಲ್ಲ. ಹೊಟ್ಟೆ ಬಂದವರು ಹೊಸದು ಹೊಲಿಸಿಕೊಳ್ಳಲಿ. ಹಿಂದಿನಿಂದ ನನ್ನನ್ನು ಕತ್ತರಿ ಎನ್ನುತ್ತಾರೆ. ಮುಂದಿನಿಂದಲೂ ಎನ್ನುತ್ತಾರೆ.

ಇಬ್ಬರು ದೊಡ್ಡವರು, ಒಂದು ಮಗು, ಎರಡು ತಿಂಗಳು. ಬಿಸ್ಕತ್ತಿನ ಡಬ್ಬಿ ಮುಟ್ಟದೆ ಸಾಗಿಸಬಹುದು. ಮುಟ್ಟಬಾರದು.

ಫೆಬ್ರವರಿ ೮, ಭಾನುವಾರ

ಸೋಪನ್ನು ದಾರದಿಂದ ನಾಲ್ಕು ತುಂಡು ಮಾಡಿ ಒಬ್ಬೊಬ್ಬರಿಗೆ ಒಂದೊಂದು ಕೊಟ್ಟೆ. ಬೇಯಿಸಿದ ಮೊಟ್ಟೆಗೂ ದಾರವೇ ಸರಿ, ಚಾಕುವಿಗೆ ಹಳದಿ ಅಂಟಿ ನಷ್ಟವಾಗುತ್ತದೆ. ಅಕ್ಕ ನೋಡುತ್ತಾ ನಿಂತಿದ್ದಳು. "ಅಮ್ಮ ಇದ್ದಿದ್ದರೆ ನಿನ್ನ ಕೈಯಿಂದ ಆ ದಾರ ಕಿತ್ಕೊಂಡು ಎರಡು ಬಾರಿಸ್ತಿದ್ದಳು," ಎಂದಳು.

ಹುಡುಗಿಗೆ ಹತ್ತು ವರ್ಷ. ಬಾಯಿ ತೆರೆದರೆ ಪ್ರಶ್ನೆ. ನಾನು ಅವಳಿಗೆ ಪ್ರಶ್ನೆಪತ್ರಿಕೆ ಎಂದು ಹೆಸರಿಟ್ಟಿದ್ದೇನೆ.

"ಮಾಮ, ನಿಮಗ್ಯಾಕೆ ಮದುವೆ ಆಗಿಲ್ಲ?"

"ಅಳತೆ ಕೂಡಿ ಬರಲಿಲ್ಲ."

"ಯಾರ ಅಳತೆ?"

"ಹಾಲು ಕುಡಿ."

ಹಾಲು ಅವಳೊಬ್ಬಳಿಗೆ ಮಾತ್ರ. ನಮ್ಮ ಟೀ ಕಪ್ಪಗೆ. ಭಾವನಿಗೆ ಕಪ್ಪು ಟೀ ಸೇರುವುದಿಲ್ಲ, ಆದರೆ ಅವರು ಏನೂ ಹೇಳುವುದಿಲ್ಲ. ಬಂದಾಗಿನಿಂದ ಏನೂ ಹೇಳಿಲ್ಲ.

ಫೆಬ್ರವರಿ ೨೦, ಶುಕ್ರವಾರ

ಬ್ರೆಡ್ಡು ಲೆಕ್ಕಕ್ಕಿಂತ ಹೆಚ್ಚು ಉಳಿಯುತ್ತಿದೆ. ಮೊದಲು ಸಂತೋಷವಾಯಿತು. ಆಮೇಲೆ ಗೊತ್ತಾಯಿತು, ಭಾವ ಹೊಟ್ಟೆ ತುಂಬಾ ತಿನ್ನುತ್ತಿಲ್ಲ. "ಕೂತಲ್ಲೇ ಇರ್ತೀನಿ, ಹಸಿವಾಗಲ್ಲ," ಎನ್ನುತ್ತಾರೆ. ನಾನು ಕೆಲಸಕ್ಕೆ ಹೊರಟ ಮೇಲೆ ತಮ್ಮ ಪಾಲಿನ ಮೊಟ್ಟೆಯನ್ನು ಮಗಳ ತಟ್ಟೆಗೆ ದಾಟಿಸುತ್ತಾರಂತೆ. ಪ್ರಶ್ನೆಪತ್ರಿಕೆಯೇ ಉತ್ತರವನ್ನೂ ಕೊಟ್ಟಿತು.

ಸಿಟ್ಟು ಬಂತು. "ನೋಡಿ ಭಾವ," ಎಂದೆ, "ನಾನು ನಾಲ್ಕು ಜನಕ್ಕೆ ಅಂತ ಅಳತೆ ಹಾಕಿರ್ತೀನಿ. ನೀವು ಹೀಗೆ ಮಹಾತ್ಯಾಗ ಮಾಡ್ತಾ ಕೂತರೆ ನನ್ನ ಲೆಕ್ಕವೆಲ್ಲ ಕೆಡುತ್ತೆ. ಮೂಳೆ ಕೂಡಬೇಕಾದ್ರೆ ತಿನ್ನಬೇಕು. ಕೂಡದಿದ್ರೆ ಇನ್ನೂ ನಾಲ್ಕು ತಿಂಗಳು ಇಲ್ಲೇ ಇರ್ತೀರಿ. ತಿನ್ನಿ!"

ಭಾವ ತಿಂದರು. ಕಣ್ಣು ಒದ್ದೆಯಾಗಿತ್ತು. ಮೆಣಸಿನ ಪುಡಿ ಜಾಸ್ತಿಯಾಗಿತ್ತೇನೋ.

ಮಾರ್ಚ್ ೨, ಸೋಮವಾರ

ಬಿಸ್ಕತ್ತಿನ ಡಬ್ಬಿ ಮುಟ್ಟಬೇಕಾಯಿತು. ಮಾತ್ರೆ, ಗ್ಯಾಸು, ಹುಡುಗಿಯ ಬಸ್ ಪಾಸು, ಮೂರೂ ಒಟ್ಟಿಗೆ ಬಂದವು. ತೆಗೆದಷ್ಟಕ್ಕೆ "ಅಕ್ಕನಿಗೆ ಸಾಲ" ಎಂದು ಚೀಟಿ ಬರೆದು ಡಬ್ಬಿಯೊಳಗೆ ಹಾಕಿದೆ. ವ್ಯವಹಾರ ವ್ಯವಹಾರವೇ.

ಭಾನುವಾರದ ಹೊರಗಿನ ಕೆಲಸ ಒಪ್ಪಿಕೊಂಡಿದ್ದೇನೆ. ಹೋಟೆಲ್ ಮಾಣಿಗಳ ಅಂಗಿಗಳು, ರಾಶಿ ಗುಂಡಿ. ಭಾವ ದಿನವಿಡೀ ಗೋಡೆ ನೋಡುತ್ತಾ ಕೂತಿರುತ್ತಾರೆ. ಸುಣ್ಣ ಎಲ್ಲಿ ಉದುರಿದೆ ಎಂದು ನನಗಿಂತ ಚೆನ್ನಾಗಿ ಅವರಿಗೆ ಗೊತ್ತು. ಸೂಜಿದಾರ ಕೈಗೆ ಕೊಟ್ಟೆ.

ಮೊದಲನೇ ಅಂಗಿಯ ಗುಂಡಿಗಳನ್ನು ಕಳ್ಳರು ಬರುತ್ತಾರೇನೋ ಎಂಬಂತೆ ಬಿಗಿದಿದ್ದರು. ಒಂದೂ ಕಾಜಾದೊಳಗೆ ನುಗ್ಗಲಿಲ್ಲ. ಎಲ್ಲ ಬಿಚ್ಚಿಸಿದೆ.

ಮಾರ್ಚ್ ೧೪, ಶನಿವಾರ

ಇವತ್ತು ಒಬ್ಬ ಹೆಂಗಸು ಮಗನ ಪ್ಯಾಂಟಿಗೆ ಬಟ್ಟೆ ಆರಿಸಿ, "ಬೆಳೆಯೋ ಹುಡುಗ, ಕೆಳಗೆ ಮಡಿಕೆಯಲ್ಲಿ ಜಾಸ್ತಿ ಬಿಡಿ," ಎಂದಳು. "ಬೆಳೆದ ಮೇಲೆ ನೋಡೋಣಮ್ಮ," ಎಂದೆ. ಗೊಣಗಿಕೊಂಡು ಹೋದಳು.

ನನಗೆ ಕೆಲಸ ಕಲಿಸಿದ ಮೇಷ್ಟ್ರು ಬಿಡುತ್ತಿದ್ದರು. ಮಡಿಕೆಯನ್ನು ಅಂಗೈ ಅಗಲ ಬಿಟ್ಟು, ಒಳಗೆ ಬಣ್ಣದ ದಾರದಲ್ಲಿ ವರ್ಷಕ್ಕೊಂದು ಸಾಲು ಹಾಕುತ್ತಿದ್ದರು. ಮಗು ಬೆಳೆದ ಹಾಗೆ ಒಂದೊಂದು ಸಾಲಿಗೆ ಬಿಚ್ಚಿ ಇಳಿಸುವುದು. ಆದರೆ ಅದು ಅವರ ಸ್ವಂತ ಮಕ್ಕಳ ಬಟ್ಟೆಗೆ ಮಾತ್ರ. ಗಿರಾಕಿಗಳಿಗೆ ಯಾರು ಮಾಡುತ್ತಾರೆ?

ಮಾರ್ಚ್ ೨೨, ಭಾನುವಾರ

ಭಾವನ ಗುಂಡಿಗಳು ಈಗ ಗುಂಡಿಗಳಂತಿವೆ. ಕೈಮಡಿಕೆ, ಅಂದರೆ ಅಂಚು ಮಡಿಸಿ ಕೈಯಲ್ಲೇ ಹೊಲಿಯುವುದನ್ನೂ ತೋರಿಸಿದೆ. ಇಷ್ಟು ವರ್ಷ ಬ್ರಷ್ಷು ಹಿಡಿದ ಕೈ, ನಡುಗುವುದಿಲ್ಲ. ನೀಲಿ ಬಟ್ಟೆಗೆ ಸರಿಯಾದ ನೀಲಿ ದಾರವನ್ನು ದೂರದಿಂದಲೇ ತೋರಿಸುತ್ತಾರೆ. ಇವತ್ತು ಮೊದಲ ಸಲ ತಾವಾಗಿ ಮಾತಾಡಿದರು.

"ಈ ಅಂಗಿಯ ಬಿಳಿ, ಬಿಳಿ ಅಲ್ಲ."

"ಮತ್ತೇನು ಅದು?"

"ಸ್ವಲ್ಪ ಹಳದಿ. ಮಾಲೀಕ ಅಗ್ಗದ್ದು ತಂದಿದ್ದಾನೆ."

ಅಕ್ಕ ಅಡುಗೆಮನೆಯಿಂದ ಇಣುಕಿ ನೋಡಿದಳು. ಒಳಗೆ ಹೋಗಿ ಏನೋ ಪಾತ್ರೆ ಬೀಳಿಸಿದಳು.

ಏಪ್ರಿಲ್ ೩, ಶುಕ್ರವಾರ

ಇವತ್ತಿಗೆ ಎರಡು ತಿಂಗಳು. ಅಕ್ಕ ಏನೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಸಕ್ಕರೆ ಮುಗಿದಿದೆ.

ಏಪ್ರಿಲ್ ೧೧, ಶನಿವಾರ

ಭಾವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಡಾಕ್ಟರ್ ಎಕ್ಸ್‌ರೇ ಫೋಟೋ ಹಿಡಿದು ಬೆಳಕಿಗೆ ತೋರಿಸಿದರು. ಮೂಳೆ ಕೂಡಿಲ್ಲ. ಇನ್ನೊಂದು ಆಪರೇಷನ್ ಮಾಡಿ ಒಳಗೆ ಲೋಹದ ಪಟ್ಟಿ ಹಾಕಬೇಕು. ಇಲ್ಲವಾದರೆ ಈ ಕಾಲಿನ ಮೇಲೆ ಭಾರ ಹಾಕುವಂತಿಲ್ಲ, ಏಣಿಯ ಮಾತಂತೂ ಮರೆಯಿರಿ ಎಂದರು. ಎಷ್ಟಾಗುತ್ತದೆ ಎಂದು ಕೇಳಿದೆ. ಹೇಳಿದರು. ಬಿಸ್ಕತ್ತಿನ ಡಬ್ಬಿಯಲ್ಲಿರುವಷ್ಟೇ. ಯಾರೋ ಡಬ್ಬಿ ತೆರೆದು ನೋಡಿ ಬಂದು ಹೇಳಿದ ಹಾಗಿತ್ತು.

ಬಸ್ಸಿನಲ್ಲಿ ಭಾವ, "ಬೇಡ ಮಾರಾಯ. ಕುಂಟಿಕೊಂಡೇ ಇರ್ತೀನಿ. ಕುಂಟರೇನು ಬದುಕ್ತಿಲ್ವಾ?" ಎಂದರು. ನಾನು ಕಿಟಕಿಯ ಹೊರಗೆ ನೋಡಿದೆ. ನೋಡುವಂಥದ್ದೇನೂ ಇರಲಿಲ್ಲ.

ಏಪ್ರಿಲ್ ೧೨

ಅಕ್ಕನಿಗೆ ಅಂಗಡಿಯ ವಿಷಯ ಗೊತ್ತಿಲ್ಲ. ಗೊತ್ತಾಗುವ ಅಗತ್ಯವೂ ಇಲ್ಲ.

ಏಪ್ರಿಲ್ ೧೯, ಭಾನುವಾರ

ಮೂಲೆ ಅಂಗಡಿಯ ಮುಂದೆ ನಿಂತಿದ್ದೆ. ಮೇಜು ಬಾಗಿಲ ಎಡಕ್ಕೆ ಬರಬೇಕು, ಬೆಳಕು ಅಲ್ಲಿದೆ. ಇಂಚು ಟೇಪು ಹಿಡಿದು ಅಳೆದೆ. ಇದಕ್ಕೆ ಮುಂಚೆ ಎಷ್ಟು ಸಲ ಅಳೆದಿದ್ದೇನೋ. ಅಜ್ಜ ಕನ್ನಡಕದ ಮೇಲಿಂದ ನೋಡಿ, "ಅಳತೆ ಏನಾದ್ರೂ ಬದಲಾಗಿದೆಯಾ?" ಎಂದರು.

"ಇಲ್ಲ."

"ಮತ್ತೆ ಮುಖ ಯಾಕೆ ಹಾಗಿದೆ?"

ಟೇಪು ಸುತ್ತಿಕೊಂಡು ಹೊರಟೆ. ಮನೆಗೆ ಬಂದು ಎಲ್ಲರ ಮೇಲೂ ಹಾರಾಡಿದೆ. ದೀಪ ಯಾಕೆ ಉರೀತಿದೆ, ನಲ್ಲಿ ಯಾಕೆ ತೊಟ್ಟಿಕ್ಕುತ್ತಿದೆ, ನನ್ನ ಚಪ್ಪಲಿ ಯಾರು ಮುಟ್ಟಿದ್ದು ಎಂದೆಲ್ಲ. ಹುಡುಗಿ ಮಾತ್ರ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಅದು ಇನ್ನೂ ಕಷ್ಟವಾಯಿತು.

ಮೇ ೪, ಸೋಮವಾರ

ಆಸ್ಪತ್ರೆಗೆ ದುಡ್ಡು ಕಟ್ಟಿದೆ.

ಕಾರಣ ಬರೆದಿಡುತ್ತೇನೆ, ಮುಂದೆ ನನಗೇ ಅನುಮಾನ ಬರಬಾರದು. ಕುಂಟುವ ಭಾವನಿಗೆ ಕೆಲಸ ಸಿಗುವುದಿಲ್ಲ. ಕೆಲಸ ಸಿಗದ ಭಾವ ನನ್ನ ಮನೆಯಲ್ಲೇ ಇರುತ್ತಾರೆ. ತಿಂಗಳ ಖರ್ಚು ಇಷ್ಟು, ಅಂದರೆ ಹತ್ತು ವರ್ಷಕ್ಕೆ ಎಷ್ಟಾಯಿತು? ಅದರ ಮುಂದೆ ಆಪರೇಷನ್ ಬಲು ಅಗ್ಗ. ಶುದ್ಧ ಲೆಕ್ಕ. ಇದರಲ್ಲಿ ಕರುಳು ಗಿರುಳು ಏನೂ ಇಲ್ಲ.

ಅಕ್ಕ ದುಡ್ಡು ಎಲ್ಲಿಂದ ಬಂತೆಂದು ಕೇಳಿದಳು. ಯಜಮಾನರು ಸಂಬಳದ ಮೇಲೆ ಸಾಲ ಕೊಟ್ಟರು ಎಂದೆ. ನಮ್ಮ ಯಜಮಾನರು ತಮ್ಮ ಕೆಮ್ಮನ್ನೂ ಯಾರಿಗೂ ಕೊಡುವವರಲ್ಲ. ಅಕ್ಕನಿಗೆ ಅವರ ಪರಿಚಯವಿಲ್ಲದ್ದು ಒಳ್ಳೆಯದಾಯಿತು.

ಮೇ ೮, ಶುಕ್ರವಾರ

ಆಪರೇಷನ್ ಆಯಿತು. ಬಾಗಿಲು ಮುಚ್ಚಿದ ಮೇಲೆ ನನಗೆ ತುಂಬಾ ಹೆದರಿಕೆಯಾಯಿತು. ಬರೆಯಲು ಏನಡ್ಡಿ, ಯಾರು ಓದುತ್ತಾರೆ. ಅಕ್ಕ ನನ್ನ ತೋಳು ಹಿಡಿದುಕೊಂಡು ಕೂತಿದ್ದಳು, ಚಿಕ್ಕಂದಿನಲ್ಲಿ ರಸ್ತೆ ದಾಟಿಸುವಾಗ ಹಿಡಿಯುತ್ತಿದ್ದ ಹಾಗೆ. ತೋಳು ಮರಗಟ್ಟಿತು. ಬಿಡಿಸಿಕೊಳ್ಳಲಿಲ್ಲ.

ಡಾಕ್ಟರ್ ಹೊರಗೆ ಬಂದು "ಚೆನ್ನಾಗಾಯ್ತು," ಎಂದರು. ಹುಡುಗಿ ಕೇಳಿದಳು: "ಎಷ್ಟು ಚೆನ್ನಾಗಿ?"

ಮೇ ೧೭, ಭಾನುವಾರ

ಭಾವ ಕೂರುವ ಕುರ್ಚಿಯ ಒಂದು ಕಾಲು ಗಿಡ್ಡ, ಅಲ್ಲಾಡುತ್ತಿತ್ತು. ಏನಾದರೂ ಮಡಿಸಿ ಕೊಡಬೇಕಿತ್ತು. ಬಿಸ್ಕತ್ತಿನ ಡಬ್ಬಿಯಲ್ಲಿ ಬರೀ ಚೀಟಿಗಳಿದ್ದವು, ಅವನ್ನೇ ಮಡಿಸಿ ಕೆಳಗಿಟ್ಟೆ. ಈಗ ಗಟ್ಟಿಯಾಗಿ ನಿಂತಿದೆ.

ಖಾಲಿ ಡಬ್ಬಿಯನ್ನು ಹುಡುಗಿ ಪೆನ್ಸಿಲ್ಲಿಗೆ ಬೇಕೆಂದಳು. ಕೊಟ್ಟೆ.

ಜೂನ್ ೨, ಮಂಗಳವಾರ

ಗೋಡೆ ಗಡಿಯಾರ ನಿಂತುಹೋಗಿತ್ತು. ಅಕ್ಕ ಅದನ್ನು ಹಿಡಿದುಕೊಂಡು ಎಲ್ಲಿಗೆ ಹೋಗಬೇಕು? ಮೂಲೆ ಅಂಗಡಿಗೇ ಹೋಗಿದ್ದಾಳೆ. ಅಜ್ಜ ಸೆಲ್ ಹಾಕಿ, "ನಿಮ್ಮ ತಮ್ಮ ಮುಂಗಡ ತರ್ತಾನಾ ಇಲ್ವಾ? ಈ ತಿಂಗಳೇ ಕೊನೆ," ಎಂದಿದ್ದಾರೆ. ಜೊತೆಗೆ ಹೋಗಿದ್ದ ಹುಡುಗಿ ಹೇಳಿದಳು. ಮುದುಕನ ಬಾಯಿಗೆ ಒಂದು ಗುಂಡಿ ಹಾಕಬೇಕಿತ್ತು.

ನಾನು ಮನೆಗೆ ಬಂದಾಗ ಗಡಿಯಾರ ನಡೆಯುತ್ತಿತ್ತು, ಅಕ್ಕ ಮಾತಾಡುತ್ತಿರಲಿಲ್ಲ.

ಜೂನ್ ೪

ಇನ್ನೂ ಮಾತಿಲ್ಲ. ಊಟ ಬಡಿಸುತ್ತಾಳೆ, ತಟ್ಟೆ ಕುಕ್ಕುತ್ತಾಳೆ.

ಜೂನ್ ೧೦, ಬುಧವಾರ

ಇವತ್ತು ಮಾತಾಡಿದಳು. ಎಲ್ಲ ಒಂದೇ ಸಲ.

"ಆ ಅಂಗಡಿಗಾಗಿ ಎಷ್ಟು ವರ್ಷ ಕೂಡಿಟ್ಟೆ?"

"ಹೀಗೇ... ಸ್ವಲ್ಪ."

"ಸುಳ್ಳು ಹೇಳಬೇಡ, ನಿನಗೆ ಬರಲ್ಲ. ಕಿವಿ ಕೆಂಪಾಗುತ್ತೆ. ನಾನು ಅಜ್ಜನ ಕಾಲು ಹಿಡಿಯೋದೊಂದು ಬಾಕಿ, ಡಿಸೆಂಬರ್‌ವರೆಗೂ ಕಾಯ್ತೀನಿ, ಆಗ ಅರ್ಧ ಮುಂಗಡ ಸಾಕು ಅಂತ ಒಪ್ಪಿಸಿದ್ದೀನಿ. ನಾವಿಲ್ಲಿದ್ದರೆ ನಿನ್ನ ಡಬ್ಬಿ ತುಂಬಲ್ಲ. ಹೊರಡ್ತೀವಿ. ಇವರಿಗೆ ಕಾವಲು ಕೆಲಸ ಸಿಕ್ಕಿದೆ, ಊರಾಚೆ ಕಟ್ಟಡದಲ್ಲಿ. ಕೂತು ಮಾಡೋ ಕೆಲಸ. ಮೆಟ್ಟಿಲ ಕೆಳಗೆ ಒಂದು ರೂಮೂ ಕೊಡ್ತಾರೆ."

"ಕಿಟಕಿ ಇದೆಯಾ?"

"ಬಾಗಿಲಿದೆ."

"ಇವಳ ಸ್ಕೂಲು?"

"ಅಲ್ಲೇ ಯಾವುದಾದರೂ. ಇಪ್ಪತ್ತೆಂಟಕ್ಕೆ ಹೊರಡೋದು. ನೀನು ಬಾಯಿ ಮುಚ್ಚಿಕೊಂಡಿರು."

ಬಾಯಿ ಮುಚ್ಚಿಕೊಂಡೆ. ಲೆಕ್ಕ ಹಾಕಿ ನೋಡಿದೆ. ಅವರು ಹೋದರೆ, ಭಾನುವಾರದ ಕೆಲಸವೂ ಇದ್ದರೆ, ಡಿಸೆಂಬರ್ ಹೊತ್ತಿಗೆ ಅರ್ಧ ಮುಂಗಡ ಕೂಡುತ್ತದೆ. ಅವರು ಇದ್ದರೆ ಆಗದು. ಅಂಗಡಿ ನನ್ನದಾಗುತ್ತದೆ. ಸಂತೋಷದ ವಿಷಯ. ನನ್ನ ಕೋಣೆ ನನಗೆ, ಯಂತ್ರದ ಕೋಣೆ ಯಂತ್ರಕ್ಕೆ.

ಇಷ್ಟು ಬರೆದು ದೀಪ ಆರಿಸಿದ್ದೆ, ಮತ್ತೆ ಹಚ್ಚಿದ್ದೇನೆ. ಸಂತೋಷದ ವಿಷಯಕ್ಕೆ ಯಾಕೋ ನಿದ್ದೆ ಬರುತ್ತಿಲ್ಲ. ಕಪ್ಪು ಟೀ ಹೆಚ್ಚಾಯಿತೇನೋ.

ಜೂನ್ ೧೬, ಮಂಗಳವಾರ

ಹುಡುಗಿಯ ಸ್ಕೂಲ್ ಸ್ಕರ್ಟು ಗಿಡ್ಡವಾಗಿದೆಯೆಂದು ಟೀಚರ್ ಹೇಳಿದರಂತೆ. ಇನ್ನು ಹನ್ನೆರಡು ದಿನಕ್ಕೆ ಯಾಕೆ ಎಂದಳು ಅಕ್ಕ. ಅಂಗಡಿಯಲ್ಲಿ ಅದೇ ಬಣ್ಣದ ಬಟ್ಟೆಯ ಥಾನಿನ ಕೊನೆ ಉಳಿದಿತ್ತು. ನನ್ನ ಪಾಲಿನ ತುಂಡೇ. ದಿಂಬಿನವಳು ಒಳ್ಳೆಯ ಬೆಲೆ ಹೇಳಿದ್ದಳು. ಮನೆಗೆ ತಂದೆ.

ಅಳತೆ ತೆಗೆಯುವಾಗ ಹುಡುಗಿ ಕೇಳಿದಳು: "ಮಾಮ, ನಾವು ಹೋದ ಮೇಲೆ ನೀವು ಮೊಟ್ಟೆನ ಇಡೀ ತಿಂತೀರಾ?"

"ನೆಟ್ಟಗೆ ನಿಂತ್ಕೋ. ಅಳತೆ ತಪ್ಪುತ್ತೆ."

ಜೂನ್ ೨೦, ಶನಿವಾರ

ಸ್ಕರ್ಟು ಹೊಲಿದು, ಕೆಳಗಿನ ಕೈಮಡಿಕೆಗೆ ಭಾವನ ಕೈಗೆ ಕೊಟ್ಟೆ. ಈಗ ಅದು ಅವರದೇ ಇಲಾಖೆ. ಅವರು ಅಂಚು ತಿರುಗಿಸಿ ನೋಡಿದರು. ಸೂಜಿ ಎತ್ತಿಕೊಂಡು ಮತ್ತೆ ಕೆಳಗಿಟ್ಟರು. ಸೂಜಿಗೆ ದಾರ ಹೋಗುತ್ತಿಲ್ಲವೇನೋ ಎಂದುಕೊಂಡೆ.

"ಪೋಣಿಸಿ ಕೊಡಲಾ ಭಾವ?"

"ಬೇಡ, ಬೇಡ." ಅವರ ದನಿ ಕೆಟ್ಟಿತ್ತು. ನೆಗಡಿಯಾದರೆ ಮತ್ತೆ ಮಾತ್ರೆಗೆ ದುಡ್ಡು.

ಜೂನ್ ೨೭, ಶನಿವಾರ

ಅಕ್ಕ ಚೀಲ ಕಟ್ಟುತ್ತಿದ್ದಳು. ಭಾವ ಈಗ ಒಂದೇ ಕೋಲು ಹಿಡಿದು ನಡೆಯುತ್ತಾರೆ. ಹೋಗಿ ಸ್ಕರ್ಟನ್ನು ಅವಳ ಮಡಿಲಿಗೆ ಹಾಕಿದರು. "ಒಳಗೆ ನೋಡು," ಎಂದರು. ಅಂಚನ್ನು ಇನ್ನೂ ಹೊಲಿದಿರಲಿಲ್ಲ. ಒಂದು ವಾರ ಏನು ಮಾಡುತ್ತಿದ್ದರೋ.

ಅಕ್ಕ ಮಡಿಕೆ ಬಿಡಿಸಿದಳು. ಅಂಗೈ ಇಟ್ಟು ನೋಡಿದಳು. ಪೂರ್ತಿ ಅಂಗೈ ಅಗಲ. ಒಳಗೆ ಹಳದಿ ದಾರದಲ್ಲಿ ಮೂರು ಸಾಲು.

"ಏನೋ ಇದು?"

"ಬೆಳೆಯೋ ಹುಡುಗಿ. ವರ್ಷಕ್ಕೊಂದು ಸಾಲು. ಒಂದೊಂದೇ ಬಿಚ್ಚಿ ಇಳಿಸೋದು."

"ನಾಳೆ ಸ್ಕೂಲು ಬಿಡ್ತಾಳೆ. ಅಲ್ಲಿಯ ಯೂನಿಫಾರ್ಮ್ ಬೇರೆ ಬಣ್ಣ."

ಆಗ ಹೊಳೆಯಿತು. ಹೌದಲ್ಲ! ಇಪ್ಪತ್ತೇಳು ವರ್ಷದಲ್ಲಿ ನಾನು ಬಟ್ಟೆ ದಂಡ ಮಾಡಿದ್ದು ಇದೇ ಮೊದಲು. "ತಪ್ಪಾಯ್ತು," ಎಂದೆ. "ಲೆಕ್ಕ ತಪ್ಪಿತು."

"ನಿನಗೆ? ಲೆಕ್ಕ?"

ಕಿವಿ ಬಿಸಿಯಾಯಿತು.

"ಮುಂದಿನ ವರ್ಷ ಈ ಎರಡನೇ ಸಾಲಿಗೆ ಇಳಿಸೋದು ಯಾರು?" ಎಂದಳು ಅಕ್ಕ.

"ನಾನೇ. ಇನ್ಯಾರು? ಬೇರೆಯವರ ಕೈಗೆ ಕೊಟ್ಟೀಯ ಮತ್ತೆ, ಅಂಚು ಸೊಟ್ಟ ಮಾಡಿ ಹಾಳು ಮಾಡ್ತಾರೆ."

"ಅದರ ಮುಂದಿನ ವರ್ಷ?"

"ಆಗಲೂ ನಾನೇ. ಇದೊಳ್ಳೆ ಪ್ರಶ್ನೆ."

ಅಕ್ಕ ಮುಖ ಮುಚ್ಚಿಕೊಂಡು ಅತ್ತಳು. ಸ್ಕರ್ಟಿನಲ್ಲೇ ಮುಚ್ಚಿಕೊಂಡಳು. ಇಸ್ತ್ರಿ ಮಾಡಿಯೇ ಭಾವನಿಗೆ ಕೊಟ್ಟಿದ್ದೆ. ಭಾವ ಗೋಡೆಯ ಕಡೆ ತಿರುಗಿ, "ಇಲ್ಲಿ ಸುಣ್ಣ ಉದುರ್ತಿದೆ, ನಾನು ಸರಿ ಮಾಡ್ತೀನಿ," ಎಂದರು. ನಾನು ಅವರಿಗೆ ಏಣಿ ಹತ್ತಕೂಡದೆಂದು ಗದರಿಸಿದೆ.

ಹುಡುಗಿ ಚೀಲದಿಂದ ತನ್ನ ಪೆನ್ಸಿಲ್ ಡಬ್ಬಿ ತೆಗೆದು ಕಿಟಕಿಯ ಮೇಲೆ ವಾಪಸ್ ಇಟ್ಟಳು. ಯಾರೂ ಅವಳಿಗೆ ಏನೂ ಹೇಳಿರಲಿಲ್ಲ.

ಜೂನ್ ೩೦, ಮಂಗಳವಾರ

ಗಡಿಯಾರದ ಅಜ್ಜನಿಗೆ ಹೇಳಿ ಬಂದೆ, ಡಿಸೆಂಬರ್‌ವರೆಗೂ ಕಾಯುವುದು ಬೇಡ, ಬೇರೆಯವರಿಗೆ ಕೊಡಿ ಎಂದು. ಬಾಗಿಲ ಎಡಗಡೆ ಒಂದು ಸಲ ನೋಡಿದೆ. ಬೆಳಕು ಚೆನ್ನಾಗಿಯೇ ಇದೆ. ಇಂಚು ಟೇಪನ್ನು ಜೇಬಿನಿಂದ ತೆಗೆಯಲಿಲ್ಲ.

"ಅಳೆದದ್ದೆಲ್ಲ ದಂಡವಾಯ್ತಲ್ಲೋ," ಎಂದರು ಅಜ್ಜ.

"ದಂಡ ಏನೂ ಆಗಿಲ್ಲ ಬಿಡಿ," ಎಂದೆ. ಯಾಕೆ ಹಾಗೆಂದೆನೋ.

ಬರುವಾಗ ಸಕ್ಕರೆ ತಂದೆ. ಹಾಲು ಇನ್ನು ಮೇಲೆ ಎಲ್ಲರ ಟೀಗೂ ಹಾಕಬೇಕು, ಭಾವನಿಗೆ ಕಪ್ಪು ಟೀ ಸೇರುವುದಿಲ್ಲ. ಅದಕ್ಕೆ ಭಾನುವಾರ ಇನ್ನೊಂದು ಹೋಟೆಲಿನ ಅಂಗಿಗಳನ್ನು ಒಪ್ಪಿಕೊಳ್ಳಬೇಕು. ಗುಂಡಿ ಭಾವ ನೋಡಿಕೊಳ್ಳುತ್ತಾರೆ.

ಡೈರಿಯ ಕೊನೆಯ ಹಾಳೆಯಲ್ಲಿ, ಬರುವ ವರ್ಷದ ಜೂನ್ ತಿಂಗಳಿಗೆಂದು ಬರೆದಿಟ್ಟಿದ್ದೇನೆ, ಮರೆತುಹೋಗಬಾರದು: ನಮ್ಮ ಹುಡುಗಿಯ ಸ್ಕರ್ಟು, ಎರಡನೇ ಸಾಲು.